ಒದ್ದೆ ಬಾಟಲಿ, ಒಂದು ಗೆರೆ

ಒಂದು ಔಷಧಿ ಕಾರ್ಖಾನೆಯ ಲ್ಯಾಬಿಗೆ ಚೆಲುವರಾಜ ಎಂಬ ಹೊಸ ಕೆಮಿಸ್ಟ್ ಸೇರಿದ. ನಮ್ಮ ಕಡೆಯ ಹುಡುಗ, ಆಲೆಮನೆಯವರ ಮಗ. ಉಳಿದವರು ಒಂದು ಗಂಟೆ ತೆಗೆದುಕೊಳ್ಳುವ ರಿಪೋರ್ಟನ್ನು ಅವನು ಅರ್ಧ ಗಂಟೆಯಲ್ಲಿ ಕೊಡುತ್ತಿದ್ದ. ಹಳ್ಳಿಯಿಂದ ಬಂದವರ ಕೈ ಅಂದರೆ ಹಾಗೆ. ನನ್ನನ್ನು ನೋಡಿದವರಿಗೆ ಬೇರೆ ಸಾಕ್ಷಿ ಬೇಡ. ಆದರೆ ಅವನು ಅದನ್ನು ದಿನಕ್ಕೆ ನಾಲ್ಕು ಸಲ ತಾನೇ ಹೇಳಿಕೊಳ್ಳುತ್ತಿದ್ದ. ಪ್ರೊಬೇಷನ್ ಮುಗಿಯುವುದಿತ್ತು. ಸೋಮವಾರ ಕೆಲಸ ಕಾಯಂ ಆದ ಪತ್ರ ಕೈಗೆ ಬರಬೇಕು.

ಅದಕ್ಕೆ ಮುಂಚಿನ ಶುಕ್ರವಾರ, ಬೆಳಗಿನ ಪಾಳಿ. ಪ್ಲಾಂಟಿನಲ್ಲಿ ಎರಡಾಳೆತ್ತರದ ರಿಯಾಕ್ಟರಿನೊಳಗೆ ಔಷಧಿ ತಯಾರಾಗುತ್ತಿತ್ತು. ಅದಕ್ಕೆ ಸುರಿದಿದ್ದ ಒಂದು ದ್ರವಕ್ಕೆ ನೀರೆಂದರೆ ಆಗದು. ನೀರು ತಾಗಿದರೆ ಸಾಕು, ಕೆರಳಿ ಕಾಯುತ್ತದೆ, ಉರಿಹೊಗೆ ಕಕ್ಕುತ್ತದೆ. ಮುಂದಿನ ಹಂತದಲ್ಲಿ ನೀರನ್ನೇ ಬಿಡಬೇಕು. ಹಾಗಾಗಿ ಆ ದ್ರವ ಪೂರ್ತಿ ತೀರಿದೆ ಎಂದು ಮೊದಲು ಲ್ಯಾಬ್ ಬರೆದುಕೊಡಬೇಕು. ಕೆಮಿಸ್ಟ್ ಸಹಿ ಹಾಕಿದರೆ ನೀರಿನ ವಾಲ್ವ್ ತಿರುಗುತ್ತದೆ. ಇಲ್ಲದಿದ್ದರೆ ಇಲ್ಲ.

ಸ್ಯಾಂಪಲ್ ತುಂಬುವ ಗಾಜಿನ ಬಾಟಲಿಯನ್ನು ಕೊಡುವುದೂ ಲ್ಯಾಬಿನವರೇ. ತೊಳೆದ ಬಾಟಲಿಯನ್ನು ಬಿಸಿ ಓವನ್ನಿನಲ್ಲಿಟ್ಟು, ಹನಿ ಪಸೆಯೂ ಉಳಿಯದಂತೆ ಒಣಗಿಸಿ ಕೊಡುವುದು ಅಲ್ಲಿನ ಪದ್ಧತಿ. ಅಂದು ಓವನ್ ಭರ್ತಿಯಾಗಿತ್ತು. ಚೆಲುವರಾಜ ಎರಡು ಬಾಟಲಿ ತೊಳೆದು, ನಾಲ್ಕು ಸಲ ಜಾಡಿಸಿ, "ಒಣಗೈತೆ ಬುಡು" ಎಂದುಕೊಂಡು ಒಂದನ್ನು ಪ್ಲಾಂಟಿಗೆ ಕಳಿಸಿದ. ಇನ್ನೊಂದನ್ನು ಕಿಟಕಿಯಲ್ಲಿಟ್ಟ.

ರಿಯಾಕ್ಟರ್ ನೋಡಿಕೊಳ್ಳುವ ಗುರುಮಲ್ಲಯ್ಯ ಸ್ಯಾಂಪಲ್ ಹಿಡಿದು ಬಂದ. ಮೂವತ್ತು ವರ್ಷದ ಅನುಭವದ ಆಪರೇಟರ್.

"ಸಾ, ಬಾಟ್ಲಿಗೆ ಹುಯ್ಯುವಾಗ ಸಲ್ಪ ಹೊಗೆಯಾಡ್ತು."

"ಬಿಸಿ ಸ್ಯಾಂಪಲ್ ಹುಯ್ದ್ರೆ ಹೊಗೆ ಬರದೆ ಮಲ್ಲಿಗೆ ವಾಸ್ನೆ ಬತ್ತದಾ ಗುರುಮಲ್ಲಣ್ಣ? ಹೋಗಿ ಟೀ ಕುಡೀರಿ. ಲೋಟ ಕೆಳಗಿಡೋದ್ರಲ್ಲಿ ರಿಪೋರ್ಟ್ ರೆಡಿ."

"ಈ ಫ್ಯಾಕ್ಟ್ರೀಲಿ ರಿಪೋರ್ಟ್ ಬರೋಗಂಟ ಎಲ್ರೂ ಟೀ ಆರಿಸ್ಕೊಂಡು ಕುಡೀತಾರೆ ಸಾ, ನೀವೊಬ್ರೇ ಬಿಸಿಬಿಸಿ ಕುಡಿಸೋರು," ಎಂದು ನಕ್ಕು ಗುರುಮಲ್ಲಯ್ಯ ಹೊರಟ.

ಲ್ಯಾಬಿನ ಯಂತ್ರ ಸ್ಯಾಂಪಲನ್ನು ಪರೀಕ್ಷಿಸಿ, ದ್ರವ ಉಳಿದಿಲ್ಲ ಎಂದಿತು. ಚೆಲುವರಾಜ ಕಾಗದದ ಮೇಲೆ 'ಉಳಿಕೆ: ಇಲ್ಲ' ಎಂದು ಬರೆದು ಸಹಿ ಹಾಕಿದ. ಗುರುಮಲ್ಲಯ್ಯ ಅದನ್ನು ಒಯ್ದ. ಹನ್ನೊಂದೂವರೆಗೆ ನೀರು ಬಿಡುವುದೆಂದು ನಿಗದಿಯಾಯಿತು.

ಹನ್ನೊಂದೂಕಾಲಿಗೆ ಚೆಲುವರಾಜ ಕಿಟಕಿಯ ಬಾಟಲಿ ಎತ್ತಿಕೊಂಡ. ಬಿಸಿಲು ಅದರೊಳಗೆ ಬಿತ್ತು. ತಳದಲ್ಲಿ ಮೂರು ಹನಿ ನೀರು ಫಳಫಳ ಹೊಳೆಯಿತು.

ಇದು ಒದ್ದೆಯಾದರೆ ಪ್ಲಾಂಟಿಗೆ ಕಳಿಸಿದ್ದೂ ಒದ್ದೆ. ಬಾಟಲಿಯ ನೀರೇ ಸ್ಯಾಂಪಲಿನೊಳಗಿನ ದ್ರವವನ್ನು ತೀರಿಸಿಬಿಟ್ಟಿದೆ. ಹೊಗೆ ಬಂದದ್ದು ಅದಕ್ಕೇ. ಯಂತ್ರ 'ಇಲ್ಲ' ಎಂದದ್ದು ಬಾಟಲಿಯ ಮಾತು. ರಿಯಾಕ್ಟರಿನೊಳಗೆ ಎಷ್ಟು ಉಳಿದಿದೆಯೋ ಯಾರು ಬಲ್ಲರು? ಅಲ್ಲಿ ವಾಲ್ವಿನ ಮುಂದೆ ನಿಲ್ಲುವವನು ಗುರುಮಲ್ಲಯ್ಯ.

ಪ್ಲಾಂಟಿಗೆ ಫೋನ್ ಮಾಡಿದ. ಪಾಳಿಯ ಉಸ್ತುವಾರಿ ಫಣೀಂದ್ರ ಎತ್ತಿಕೊಂಡರು.

"ಸರ್, ಸ್ವಲ್ಪ ತಡೀತೀರಾ? ಇನ್ನೊಂದ್ ಸ್ಯಾಂಪಲ್ ನೋಡೋಣ ಅಂತ."

"ಯಾಕ್ರೀ?"

ಸೋಮವಾರದ ಪತ್ರ ಕಣ್ಣ ಮುಂದೆ ಬಂತು. "ಸುಮ್ನೆ ಸರ್, ಒಂದ್ ಖಾತ್ರಿಗೆ."

"ಖಾತ್ರಿಗೆ ನಿಮ್ ಸಹಿನೇ ಇದೆಯಲ್ರೀ! ಸುಮ್ಸುಮ್ನೆ ಬ್ಯಾಚ್ ನಿಲ್ಸಕ್ಕಾಗಲ್ಲ." ಫೋನ್ ಇಟ್ಟರು. ಮತ್ತೆ ಮಾಡಿದ. ಯಾರೂ ಎತ್ತಲಿಲ್ಲ.

ಓಡಿದ. ಲ್ಯಾಬಿನಿಂದ ಪ್ಲಾಂಟಿಗೆ ಇನ್ನೂರು ಮಾರು. ಆಮೇಲೆ ಕಬ್ಬಿಣದ ಮೆಟ್ಟಿಲು, ಮೂರು ಅಂತಸ್ತು. ಮೇಲೆ ಹತ್ತಿದಾಗ ಗುರುಮಲ್ಲಯ್ಯನ ಕೈ ವಾಲ್ವಿನ ಚಕ್ರದ ಮೇಲಿತ್ತು.

"ತಡೀರಿ!"

"ಮತ್ತೇನ್ರೀ ನಿಮ್ದು?" ಫಣೀಂದ್ರ ಸಿಡುಕಿದರು. "ತಿರುಗ್ಸು ಗುರುಮಲ್ಲಯ್ಯ. ಕಾಗದ ಇದೆ, ಸಹಿ ಇದೆ."

ಚಕ್ರ ಕಾಲು ಸುತ್ತು ತಿರುಗಿತು. ರಿಯಾಕ್ಟರಿನ ಹೊಟ್ಟೆಯೊಳಗೆ ಗುಡುಗುಡು ಎಂದಿತು. ನಲವತ್ತರಲ್ಲಿದ್ದ ತಾಪದ ಮುಳ್ಳು ನಡುಗಿ ಐವತ್ತಕ್ಕೆ ಹಾರಿತು.

"ನನ್ ರಿಪೋರ್ಟ್ ತಪ್ಪು!" ಚೆಲುವರಾಜ ಕೂಗಿದ. "ಬಾಟ್ಲಿ ಒದ್ದೆ ಇತ್ತು! ನಾನೇ ಒಣಗಿಸ್ನಿಲ್ಲ! ಮುಚ್ಚಿ ಗುರುಮಲ್ಲಣ್ಣ!"

ಗುರುಮಲ್ಲಯ್ಯ ಉಸ್ತುವಾರಿಯ ಮುಖ ನೋಡಲಿಲ್ಲ. ಚಕ್ರವನ್ನು ಹಿಂದಕ್ಕೆ ತಿರುಗಿಸಿ ಬಿಗಿದ. ಮುಳ್ಳು ಐವತ್ತೈದಕ್ಕೆ ಬಂತು. ಐವತ್ತೆಂಟಾಯಿತು. ಮೇಲಿನ ಕೊಳವೆ ಸುಯ್ ಎಂದು ಬಿಳಿ ಹೊಗೆ ಬಿಟ್ಟಿತು. ಮುಳ್ಳು ಅರವತ್ತರ ಹತ್ತಿರ ನಿಂತಿತು. ನಿಂತೇ ಇತ್ತು. ಆಮೇಲೆ ಒಂದೊಂದೇ ಮನೆ ಇಳಿಯತೊಡಗಿತು.

ಫಣೀಂದ್ರ ಹಣೆ ಒರೆಸಿಕೊಂಡು ಮೆತ್ತಗೆ ಹೇಳಿದರು: "ಆ ಕಾಗದ ಹರಿದಾಕಿ. ಹೊಸದು ಬರೀರಿ. ನಿಮ್ಗೂ ಒಳ್ಳೇದು, ನಮ್ಗೂ ಒಳ್ಳೇದು."

ಲ್ಯಾಬಿನಲ್ಲಿ ಇನ್ನೊಂದು ಪದ್ಧತಿಯಿದೆ. ತಪ್ಪು ಬರೆದರೆ ಹರಿಯುವಂತಿಲ್ಲ, ಗೀಚುವಂತಿಲ್ಲ. ಒಂದೇ ಗೆರೆ ಎಳೆಯಬೇಕು. ಕೆಳಗಿನ ತಪ್ಪು ಓದುವಂತಿರಬೇಕು. ಚೆಲುವರಾಜ 'ಇಲ್ಲ' ಎಂಬುದರ ಮೇಲೆ ಒಂದು ಗೆರೆ ಎಳೆದ. ಪಕ್ಕದಲ್ಲಿ ಬರೆದ: 'ಬಾಟಲಿ ಒದ್ದೆ. ತಪ್ಪು ನನ್ನದು.' ಸಹಿ ಹಾಕಿ ವೇಳೆ ಬರೆದ. ಒಣಗಿದ ಬಾಟಲಿಯಲ್ಲಿ ಮತ್ತೆ ಪರೀಕ್ಷಿಸಿದಾಗ, ಪ್ಲಾಂಟನ್ನೇ ಹೊಗೆಯಲ್ಲಿ ಮುಳುಗಿಸುವಷ್ಟು ದ್ರವ ಇನ್ನೂ ಉಳಿದಿತ್ತು.

ಸೋಮವಾರ ಪತ್ರ ಬರಲಿಲ್ಲ. ಪ್ರೊಬೇಷನ್ ಮತ್ತೆ ಮೂರು ತಿಂಗಳು ಬೆಳೆಯಿತು. ಚೆಲುವರಾಜನ ರಿಪೋರ್ಟಿಗೂ ಈಗ ಒಂದು ಗಂಟೆ ಹಿಡಿಯುತ್ತಿತ್ತು.

ಮರುವಾರ ಗುರುಮಲ್ಲಯ್ಯ ರಿಪೋರ್ಟಿಗೆ ಬಂದ. ಅಂಕಿ ನೋಡಿದ, ಮಡಿಚಿ ಜೇಬಿಗಿಟ್ಟ.

"ಈಗ ಹೊಗೆಗಿಗೆ ಅಂತ ಏನೂ ಕೇಳಲ್ವಾ ಗುರುಮಲ್ಲಣ್ಣ? ಇನ್ನೊಂದ್ ಸಲ ನೋಡಿ ಅನ್ನಲ್ವಾ?"

"ಮೂವತ್ತು ವರ್ಸದಲ್ಲಿ ಸಹಿ ಹಾಕೋರ್ನ ಬೇಕಾದಷ್ಟು ನೋಡಿವ್ನಿ ಸಾ. ಗೆರೆ ಎಳೆದೋರ್ನ ಕಂಡಿದ್ದು ನಿಮ್ಮನ್ನೇ. ಟೀ ಆರ್ತದೆ, ಬನ್ನಿ."

ನೀತಿ: ಬೇಗ ಮಾಡುವವನು ಜಾಣ, ಅದರಲ್ಲಿ ನನ್ನದೇನೂ ತಕರಾರಿಲ್ಲ. ಆದರೆ ತನ್ನ ತಪ್ಪನ್ನು ನೇರವಾಗಿ, ಹೊತ್ತು ಮೀರುವ ಮೊದಲು, ಎಲ್ಲರ ಮುಂದೆ ಹೇಳುವವನೇ ಗಟ್ಟಿಗ. ಮಾನ ಉಳಿಸಿಕೊಳ್ಳಲು ಸುತ್ತಿ ಬಳಸಿ ಹೇಳಿದ ಸತ್ಯ ಯಾರ ಪ್ರಾಣವನ್ನೂ ಉಳಿಸುವುದಿಲ್ಲ.