ಹೇನು ಎಲೆಯಡಿಗೆ ಹೋದದ್ದು

ಲೋಕ ಆಗಿನ್ನೂ ಎಳೆಯದು ಕಣೋ. ನದಿಗಳಿಗೂ ದಾರಿ ಸರಿಯಾಗಿ ಗೊತ್ತಿರಲಿಲ್ಲ. ಆಗ ಗಿಡದ ಹೇನುಗಳು ಎಲೆಯ ಮೇಲೆಯೇ ಕೂತು ಬಿಸಿಲು ಕಾಯಿಸುತ್ತಿದ್ದವು. ನಾಚಿಕೆಯಿಲ್ಲ, ಹೆದರಿಕೆಯಿಲ್ಲ. ಮಧ್ಯೆ ಬಾಯಿ ಹಾಕಬೇಡ, ಕೇಳು.

ತಿಮ್ಮಾಜಮ್ಮ ಅಂತ ಒಬ್ಬಳಿದ್ದಳು. ಅವಳ ಹಿತ್ತಿಲಲ್ಲಿ ಒಂದೇ ಒಂದು ಅವರೆ ಬಳ್ಳಿ. ಊರಿನವರೆಲ್ಲ ಬಿತ್ತನೆಗೆ ಇಟ್ಟ ಕಾಳನ್ನೂ ಸಾರು ಮಾಡಿ ಉಂಡುಬಿಟ್ಟಿದ್ದರು, ನಾಲಗೆ ಕೇಳಬೇಕಲ್ಲ. ಈ ಬಳ್ಳಿ ಹೋದರೆ ಲೋಕದಲ್ಲಿ ಅವರೆ ಅನ್ನುವುದೇ ಇಲ್ಲ.

ಅಂಥ ಬಳ್ಳಿಗೇ ಹೇನು ಹತ್ತಿತು. ಕುಡಿ ಕಾಣದಷ್ಟು ಕರಿಹೇನು.

ತಿಮ್ಮಾಜಮ್ಮ ಹಸಿಮೆಣಸಿನಕಾಯಿ, ಬೆಳ್ಳುಳ್ಳಿ ಅರೆದಳು. ನೀರಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ಎಲೆಗೆ ಅಂಟಿಕೊಳ್ಳಲಿ ಅಂತ ಅಂಟುವಾಳದ ನೊರೆ ಬೆರೆಸಿದಳು. ಒಂದು ಹಿಡಿ ಮೆಣಸಿನಕಾಯಿ ಸಾಕಿತ್ತು, ಸಿಟ್ಟಿಗೆ ಹತ್ತು ಹಿಡಿ ಹಾಕಿದಳು. ಸಂಜೆಯವರೆಗೆ ಕಾಯಬೇಕಿತ್ತು, ನಡುಮಧ್ಯಾಹ್ನವೇ ಪೊರಕೆ ಅದ್ದಿ ಎರಚಿದಳು.

ಹೇನುಗಳು ಉದುರಿದವು. ಜೊತೆಗೆ ಎಲೆಯೂ ಸುಟ್ಟಿತು.

ಉಳಿದ ನಾಲ್ಕು ಹೇನು, "ಎಲೆಯಣ್ಣ, ಎಲ್ಲಾದರೂ ಬಚ್ಚಿಡು," ಅಂದವು.

ಎಲೆಗೆ ಮೈಯೆಲ್ಲ ಉರಿ. "ನೀವು ಕಚ್ಚಿದರೆ ಚುರುಕ್ ಅಂತದೆ, ಅಷ್ಟೆ. ಅವಳು ಹಾಕಿದ್ದು ಬೆಂಕಿ. ಬನ್ನಿ, ನನ್ನ ಹೊಟ್ಟೆಯಡಿ ಕೂತುಕೊಳ್ಳಿ. ಯಾರು ಕೇಳಿದರೂ ನಾನು ಬಾಯಿ ಬಿಡೋದಿಲ್ಲ," ಅಂತ ಮಾತು ಕೊಟ್ಟಿತು. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುತ್ತದೆಯೇ?

ವಾರದಲ್ಲಿ ನಾಲ್ಕು ಹೇನು ನಾನೂರಾದವು. ಹೂವು ಉದುರತೊಡಗಿತು. ತಿಮ್ಮಾಜಮ್ಮ ಎಲೆಯ ಮೇಲೆ ನೋಡುತ್ತಾಳೆ, ಒಂದು ಹುಳವೂ ಇಲ್ಲ. ಬಳ್ಳಿ ಮಾತ್ರ ಸಾಯುತ್ತಿದೆ. ಅವಳಿಗೆ ಅಳು ಬಂತು. ಸುಟ್ಟ ಎಲೆಯನ್ನು ತಣ್ಣೀರಲ್ಲಿ ಒರೆಸುತ್ತಾ, "ತಪ್ಪಾಯ್ತಪ್ಪ. ನನ್ನ ಸಿಟ್ಟು ನಿನ್ನ ಮೇಲಿರಲಿಲ್ಲ," ಅಂದಳು.

ಎಲೆಗೂ ಪಾಪ ಅನ್ನಿಸಿತು. ಅದರ ಜೀವವೂ ಹೋಗುತ್ತಿತ್ತು. ಆದರೆ ಕೊಟ್ಟ ಮಾತು ಕೊಟ್ಟದ್ದೇ. ನೀನಾದರೂ ಹೇಳು ಅಂತ ಗಾಳಿಯನ್ನು ಕೇಳಿತು. "ನನಗ್ಯಾಕೆ ಊರ ಉಸಾಬರಿ?" ಅಂತ ಗಾಳಿ ಬೀಸಿಕೊಂಡು ಹೋಯಿತು.

ಕೊನೆಗೆ ಎಲೆ ಒಂದು ಮಾತೂ ಆಡದೆ, ತನ್ನ ಅಂಚುಗಳನ್ನು ಮೆಲ್ಲಗೆ ಕೆಳಕ್ಕೆ ಮುದುರಿಕೊಂಡಿತು.

"ಇದ್ಯಾಕೆ ಹೀಗೆ ಮುದುರಿದೆ?" ಅಂತ ತಿಮ್ಮಾಜಮ್ಮ ಅದನ್ನು ಬೆರಳಲ್ಲಿ ಎತ್ತಿ ತಿರುಗಿಸಿದಳು. ಅಡಿಯಲ್ಲಿ ಹೇನಿನ ಸಂತೆ.

ಈ ಸಲ ಒಂದೇ ಹಿಡಿ ಮೆಣಸಿನಕಾಯಿ. ಮೊದಲು ಒಂದು ಎಲೆಗೆ ಹಚ್ಚಿ ಒಂದು ದಿನ ಕಾದಳು. ಎಲೆ ಸುಡಲಿಲ್ಲ. ಮಾರನೆಯ ದಿನ ಬಿಸಿಲು ಇಳಿದ ಮೇಲೆ, ಒಂದೊಂದೇ ಎಲೆ ಎತ್ತಿ ಅಡಿಯಿಂದ ಚಿಮುಕಿಸಿದಳು. ಬಳ್ಳಿ ಬದುಕಿತು. ಎರಡು ಬೊಗಸೆ ಕಾಳು ಸಿಕ್ಕಿತು. ನಾವು ತಿನ್ನುವ ಅವರೆಯೆಲ್ಲ ಅದರದೇ ಸಂತಾನ.

ಆದರೆ ಎಲೆ ಆಮೇಲೆ ಮಾತಾಡಲೇ ಇಲ್ಲ. ಬಾಯಿ ತೆರೆದರೆ ಎಲ್ಲಿ ಮಾತು ತಪ್ಪುತ್ತೇನೋ ಅಂತ ಅದಕ್ಕೆ ಭಯ. ಹೇನು ಇವತ್ತಿಗೂ ಎಲೆಯಡಿಯಲ್ಲೇ ಅಡಗುತ್ತದೆ. ನಮ್ಮ ಹಿತ್ತಿಲಲ್ಲಿ ಯಾವುದಾದರೂ ಎಲೆ ಕೆಳಕ್ಕೆ ಮುದುರಿಕೊಂಡಿದ್ದರೆ, ಅದು ನಿನ್ನನ್ನು ಕರೆಯುತ್ತಿದೆ, ಹೋಗಿ ತಿರುಗಿಸಿ ನೋಡು.