ರುದ್ರಿಯ ಎರಡರಷ್ಟು ಉಂಡೆ

ಕಾಡುಕೋಣಗಳು ನೀರಿಗಿಳಿಯುವ ಕೆರೆಯ ದಂಡೆಯಲ್ಲಿ ಸಗಣಿಹುಳುಗಳ ಒಂದು ಕೇರಿ ಇತ್ತು. ಸಗಣಿಯನ್ನು ಉಂಡೆ ಕಟ್ಟಿ, ಒಳಗೊಂದು ಮೊಟ್ಟೆಯಿಟ್ಟು, ಮೇಲೆ ಜೇಡಿಮಣ್ಣು ಮೆತ್ತಿ ಬಿಲಕ್ಕೆ ಉರುಳಿಸುವುದು ಅಲ್ಲಿನ ತಾಯಂದಿರ ಕೆಲಸ. ಮರಿಗೆ ಆ ಉಂಡೆಯೇ ತೊಟ್ಟಿಲು, ಆ ಉಂಡೆಯೇ ಊಟ. ಮೂಗು ಮುಚ್ಚಿಕೊಳ್ಳಬೇಡಿ ಮಕ್ಕಳೇ, ಅವರವರ ಅಡುಗೆ ಅವರವರಿಗೆ ರುಚಿ.

ಆ ಕೇರಿಯ ರುದ್ರಿಗೆ ಒಂದೇ ಚಟ. ಪಕ್ಕದ ಮನೆಯವರಿಗಿಂತ ತನ್ನದು ದೊಡ್ಡದಾಗಿರಬೇಕು. ಈಗಂತೂ ಅವಳು ಇಡಬೇಕಾದದ್ದು ಮೊದಲ ಮೊಟ್ಟೆ. ಕೇಳಬೇಕೇ?

ನೆರೆಮನೆಯ ಮಾಳವ್ವನ ಉಂಡೆ ನೆಲ್ಲಿಕಾಯಿ ಗಾತ್ರಕ್ಕಿತ್ತು. ರುದ್ರಿ ಅದನ್ನು ಓರೆಗಣ್ಣಿನಿಂದ ಅಳೆದು ಗಂಡ ಚೌಡನಿಗೆ ಹೇಳಿದಳು.

"ನಮ್ಮದು ಇದರ ಎರಡರಷ್ಟು ಅಗಲ ಆಗಬೇಕು. ಎರಡು ಉಂಡೆಯ ಸಗಣಿ ತಾ, ಎರಡು ಉಂಡೆಗೆ ಆಗುವಷ್ಟು ಜೇಡಿ ತಾ."

ಚೌಡ ತಂದುಕೊಟ್ಟ. ರುದ್ರಿ ಸಗಣಿಯನ್ನೆಲ್ಲ ಒಂದೇ ಉಂಡೆ ಕಟ್ಟಿ, ಹಿಂದೆ ಸರಿದು ನೋಡಿ ಬೆಚ್ಚಿಬಿದ್ದಳು. ಉಂಡೆ ಮಾಳವ್ವನದಕ್ಕಿಂತ ಒಂಚೂರು ದಪ್ಪಗಿತ್ತು, ಅಷ್ಟೆ.

"ಉಳಿದ ಸಗಣಿ ಎಲ್ಲಿ?"

"ಎಲ್ಲಾ ಅದರೊಳಗೇ ಇದೆ."

"ಸುಳ್ಳು. ದಾರಿಯಲ್ಲಿ ತಿಂದಿದ್ದೀಯ."

"ಬೆಳಗಿನಿಂದ ನನ್ನ ಬಾಯಿಗೆ ಒಂದು ಚೂರೂ ಬಿದ್ದಿಲ್ಲ ಕಣೇ," ಎಂದ ಚೌಡ ಕಂಗಾಲಾಗಿ.

ಮತ್ತೆ ಸಗಣಿ ಬಂತು. ಮತ್ತೆ ಮೆತ್ತಿದಳು. ಹಾಕಿದ್ದನ್ನೆಲ್ಲ ಉಂಡೆ ನುಂಗುತ್ತಲೇ ಹೋಯಿತು. ಕೊನೆಗೆ ಎಂಟು ಉಂಡೆಯ ಸಗಣಿ ಒಳಗೆ ಹೋದ ಮೇಲೆಯೇ ಅಗಲ ಎರಡರಷ್ಟಾಯಿತು.

ಮಾಳವ್ವ ತನ್ನ ಉಂಡೆಯನ್ನು ಉರುಳಿಸಿಕೊಂಡು ಹೊರಟವಳು ನಿಂತಳು. "ರುದ್ರಿ, ಇದನ್ನು ತಳ್ಳೋರು ಯಾರೇ? ಬಿಸಿಲೇರಿತು, ಚಂದ್ರಮುಕುಟ ಬರೋ ಹೊತ್ತು." ಆ ಉದ್ದ ಕೊಕ್ಕಿನ ಹಕ್ಕಿಗೆ ಹುಳುಗಳ ಮೊಟ್ಟೆ ಎಂದರೆ ಪ್ರಾಣ.

"ಹೊಟ್ಟೆಕಿಚ್ಚು ಒಳ್ಳೆಯದಲ್ಲ ಮಾಳವ್ವ," ಎಂದು ರುದ್ರಿ ಉಂಡೆಯೊಳಗೆ ಮೊಟ್ಟೆಯಿಟ್ಟು ಮುಚ್ಚಿದಳು.

ಆಮೇಲೆ ಜೇಡಿ ಮೆತ್ತತೊಡಗಿದಳು. ಮತ್ತೆ ಬೆಚ್ಚಿದಳು. ಎರಡು ಉಂಡೆಗೆಂದು ತಂದ ಜೇಡಿ ಮುಗಿದೇಹೋಯಿತು, ಉಂಡೆಯ ಅರ್ಧ ಮೈ ಇನ್ನೂ ಬೋಳು.

"ಇನ್ನೂ ಅಷ್ಟೇ ಜೇಡಿ ಬೇಕು, ತರಲಾ?" ಎಂದ ಚೌಡ.

"ಬೇಡ. ಮೆತ್ತಿದ್ದು ಕೇರಿಯ ಕಡೆಗಿರಲಿ. ಹಿಂದುಗಡೆ ಯಾರು ನೋಡ್ತಾರೆ?"

ರುದ್ರಿ ತಲೆ ಕೆಳಗಾಗಿ ನಿಂತು ಹಿಂಗಾಲಿನಿಂದ ಉಂಡೆಯನ್ನು ತಳ್ಳಿದಳು. ಅದು ಅಲುಗಲಿಲ್ಲ. ಚೌಡನೂ ಕಾಲು ಕೊಟ್ಟ. ಊಹೂಂ. ರುದ್ರಿ ಚೌಡನತ್ತ ತಿರುಗಿದಳು.

"ಎರಡರಷ್ಟು ತಾನೇ ಮಾಡಿದ್ದು? ಇಬ್ಬರಿದ್ದೀವಲ್ಲ?"

"ಎಂಟು ಉಂಡೆಯ ಸಗಣಿ ತಂದಿದ್ದು ನಾನು. ಎಂಟು ಜನ ಬೇಕು," ಎಂದು ಚೌಡ ನೆರೆಯವರನ್ನು ಕರೆತರಲು ಓಡಿದ.

ಅವನು ಅತ್ತ ಹೋದದ್ದೇ ತಡ, ಇತ್ತ ಚಂದ್ರಮುಕುಟ ಇಳಿಯಿತು. ರುದ್ರಿ ಒಣಗಿದ ಎಲೆಯಡಿ ನುಸುಳಿದಳು. ಹಕ್ಕಿ ಉಂಡೆಯನ್ನು ಕುಕ್ಕಿತು. ಬಿಸಿಲಿಗೆ ಜೇಡಿ ಕಲ್ಲಾಗಿತ್ತು, ಕೊಕ್ಕು ಜಾರಿತು. ಮತ್ತೆ ಕುಕ್ಕಿತು, ಮತ್ತೆ ಜಾರಿತು. ರುದ್ರಿಗೆ ಹೋದ ಜೀವ ಬಂದಂತಾಯಿತು.

ಹಕ್ಕಿ ನಿಧಾನವಾಗಿ ಉಂಡೆಗೆ ಸುತ್ತು ಹಾಕಿ ಹಿಂದುಗಡೆ ಹೋಯಿತು. ಅಲ್ಲಿ ಜೇಡಿ ಇರಲಿಲ್ಲ. ಕೊಕ್ಕು ಒಳಗಿಳಿಯಿತು, ಮೊಟ್ಟೆ ಹಿಡಿದು ಹೊರಬಂತು. ರೆಕ್ಕೆ ಬಡಿದ ಸದ್ದೊಂದೇ ಉಳಿದದ್ದು.

ರುದ್ರಿಗೆ ಅಳು ಕೂಡ ಬರಲಿಲ್ಲ. ಉಂಡೆಯ ತೂತನ್ನೇ ನೋಡುತ್ತ, "ಎರಡರಷ್ಟು ತಾನೇ ಕೇಳಿದ್ದು, ಎರಡರಷ್ಟು ತಾನೇ," ಎನ್ನುತ್ತಿದ್ದಳು. ಮಾಳವ್ವ ಬಂದು ಅವಳ ಪಕ್ಕದಲ್ಲಿ ಕೂತಳು.

ಅಷ್ಟರಲ್ಲಿ ಚೌಡ ನೆರೆಯವರನ್ನೆಲ್ಲ ಕಟ್ಟಿಕೊಂಡು ಏದುಸಿರು ಬಿಡುತ್ತ ಬಂದ. ಬಂದವರು ಸಾಲಾಗಿ ತಲೆ ಕೆಳಗಾಗಿ ನಿಂತು, ಉಂಡೆಗೆ ಕಾಲು ಕೊಟ್ಟು, "ಎಲ್ಲಿಗೆ ತಳ್ಳೋಣ ರುದ್ರಿ?" ಎಂದು ಕೇಳಿದರು.

ನೀತಿ: ಉಂಡೆಯ ಅಗಲ ಎರಡರಷ್ಟಾದರೆ ಅದರ ಮೈ ನಾಲ್ಕರಷ್ಟು, ಒಡಲು ಎಂಟರಷ್ಟು, ಜಂಬದ ಕಣ್ಣಿಗೆ ಕಾಣುವುದು ಅಗಲ ಮಾತ್ರ.