ಗೇಣುದ್ದದ ಹಳೆಯ ಹಾಸು

“ಗುರುಗಳೆ, ಮಾಡಬೇಕಾದ ಕೆಲಸಗಳೆಲ್ಲ ಮುಗಿದ ಮೇಲೂ ಆಗಬೇಕಾದ ಬದಲಾವಣೆ ಆಗದಿದ್ದರೆ, ಅದು ಎಲ್ಲಿ ಸಿಕ್ಕಿಕೊಂಡಿರುತ್ತದೆ?”

ಬೆಳಗಿನ ಪೂಜೆ ಮುಗಿದ ಹೊತ್ತಿನಲ್ಲಿ ಅಡವೀಶ ಈ ಪ್ರಶ್ನೆ ಕೇಳಿದ. ಮಠದ ಶಿಷ್ಯರಲ್ಲಿ ಅವನು ಚುರುಕಾದವನು. ಹೇಳಿದ ಕೆಲಸವನ್ನು ಹೇಳಿದ ದಿನಕ್ಕಿಂತ ಒಂದು ದಿನ ಮೊದಲೇ ಮುಗಿಸಿ ಬಂದು ಎದುರಿಗೆ ನಿಲ್ಲುವವನು. ಆರು ತಿಂಗಳ ಹಿಂದೆ ಗುರುಗಳು ಅವನಿಗೆ ಒಂದು ಹೊಣೆ ವಹಿಸಿದ್ದರು. ಮಠದಲ್ಲಿ ಮೂರು ಕಡೆ ಒಲೆ ಉರಿಯುತ್ತಿತ್ತು. ಓದುವ ಮಕ್ಕಳಿಗೆ ಒಂದು, ಬಂದು ಹೋಗುವ ಯಾತ್ರಿಕರಿಗೆ ಒಂದು, ಮಠದಲ್ಲೇ ನೆಲೆಸಿದ ಮುದುಕರಿಗೆ ಒಂದು. ಮೂರನ್ನೂ ಸೇರಿಸಿ ಒಂದೇ ಅಡುಗೆಮನೆ, ಒಂದೇ ಪಂಕ್ತಿ ಮಾಡಬೇಕಿತ್ತು. ಇಲ್ಲಿ ಸರಿಹೋದರೆ ಮಠದ ಐದು ಶಾಖೆಗಳಲ್ಲೂ ಹಾಗೆಯೇ ಮಾಡುವ ಕೆಲಸ ಅವನದಾಗುತ್ತಿತ್ತು.

ಅಡವೀಶ ಹೊಸ ಊಟದ ಪಡಸಾಲೆ ಕಟ್ಟಿಸಿದ. ದೊಡ್ಡ ಕೊಪ್ಪರಿಗೆಗಳನ್ನು ತರಿಸಿದ. ಸಾವಿರ ಜನಕ್ಕೆ ಬೇಯಿಸಿ ಗೊತ್ತಿದ್ದ ಬಾಣಸಿಗರನ್ನು ಪರವೂರಿನಿಂದ ಕರೆಸಿ ಮಠದ ಅಡುಗೆಯವರಿಗೆ ಕಲಿಸಿದ. ಊಟದ ವೇಳೆ ಗೊತ್ತುಮಾಡಿ ಗಂಟೆ ಕಟ್ಟಿಸಿದ. ಒಂದೂ ತಡವಾಗಲಿಲ್ಲ. ಗಂಟೆ ಬಾರಿಸಲು ತೊಡಗಿ ತಿಂಗಳಾಯಿತು. ಹೊಸ ಪಡಸಾಲೆಯಲ್ಲಿ ಪಂಕ್ತಿ ಹಿಡಿದು ಕೂತವು ಗುಬ್ಬಚ್ಚಿಗಳು ಮಾತ್ರ. ಒಲೆ ಇನ್ನೂ ಮೂರು ಕಡೆಯೇ ಉರಿಯುತ್ತಿತ್ತು.

“ಎಲ್ಲಿ ಸಿಕ್ಕಿಕೊಂಡಿದೆ ಎಂದು ನಿನಗೆ ಅನ್ನಿಸುತ್ತದೆ?” ಎಂದರು ಗುರುಗಳು.

“ಉಗ್ರಾಣದ ಗುರುಪಾದಪ್ಪನವರ ಹತ್ತಿರ,” ಎಂದ ಅಡವೀಶ. ಅವನ ಬಳಿ ಉತ್ತರ ಸಿದ್ಧವಾಗಿತ್ತು. “ಅವರು ಇವತ್ತಿಗೂ ಅಕ್ಕಿಬೇಳೆಯನ್ನು ಮೂರು ಪಾಲು ಮಾಡಿ ಮೂರು ಬಾಗಿಲಿಗೆ ಅಳೆದು ಕೊಡುತ್ತಾರೆ. ಮೂವತ್ತು ವರ್ಷದ ಅಭ್ಯಾಸ, ಬಿಡಲಾರರು. ಅವರನ್ನು ನಾಳೆ ಶಾಖಾಮಠಕ್ಕೆ ಕಳುಹಿಸಲು ಅಪ್ಪಣೆ ಕೊಡಬೇಕು. ನಾಡಿದ್ದಿನಿಂದ ಒಂದೇ ಒಲೆ ಉರಿಯುತ್ತದೆ.”

ಗುರುಗಳು ಎದುರಿನ ಮಣೆ ತೋರಿಸಿದರು. ಅಡವೀಶ ಕುಳಿತ. ಅಪ್ಪಣೆಗಾಗಿ ಬಂದವನಿಗೆ ಕತೆ ಸಿಗುವ ಲಕ್ಷಣ ಕಾಣುತ್ತಿತ್ತು. ಅವನಿಗೆ ಸ್ವಲ್ಪ ಬೇಸರವಾಯಿತು, ಸ್ವಲ್ಪ ಕುತೂಹಲವೂ ಆಯಿತು. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ನೇಕಾರರ ಓಣಿ ಇತ್ತು. ಓಣಿಯಲ್ಲಿ ನಲವತ್ತು ಮಗ್ಗ. ನಲವತ್ತರಲ್ಲೂ ಬಿಳಿಯ ಬಟ್ಟೆ. ಅದನ್ನು ಕೊಂಡು ಹೊರಗೆ ಮಾರುವವನು ಒಬ್ಬ ವರ್ತಕ. ಒಂದು ವರ್ಷ ಬಿಳಿಯ ಬಟ್ಟೆಯನ್ನು ಕೇಳುವವರೇ ಇಲ್ಲವಾದರು. ಎಲ್ಲರಿಗೂ ಬಣ್ಣದ ಚೌಕಳಿ ಸೀರೆ ಬೇಕಾಗಿತ್ತು. ಚೌಕಳಿ ನೇಯದಿದ್ದರೆ ಓಣಿಯ ಮಂದಿ ಊರು ಬಿಡಬೇಕಾಗುತ್ತಿತ್ತು. ವರ್ತಕನಿಗೆ ಅದು ಗೊತ್ತಿತ್ತು. ಅವನು ದೂರದ ಪಟ್ಟಣದ ಗಾಡಿಯವರಿಗೆ ಮಾತು ಕೊಟ್ಟ: ನಾಲ್ಕು ತಿಂಗಳು ಕಳೆದು ಐದನೆಯ ತಿಂಗಳ ಕೊನೆಗೆ ಬನ್ನಿ, ಗಾಡಿ ತುಂಬ ಚೌಕಳಿ ಸೀರೆ ಕೊಡುತ್ತೇನೆ. ಆಗ ಸಿಗದಿದ್ದರೆ ನಾವು ಬೇರೆ ಊರು ನೋಡಿಕೊಳ್ಳುತ್ತೇವೆ ಎಂದು ಗಾಡಿಯವರೂ ಹೇಳಿದರು.

ವರ್ತಕ ದಡ್ಡನಲ್ಲ. ಕೆಲಸವನ್ನು ನಾಲ್ಕು ಪಾಲು ಮಾಡಿದ. ಬಣ್ಣದ ಮನೆ ಕಟ್ಟಿ ನೂಲಿಗೆ ಬಣ್ಣ ಹಾಕುವುದು ಒಬ್ಬನಿಗೆ. ಆ ನೂಲಿನಿಂದ ಮಗ್ಗಕ್ಕೆ ಉದ್ದಕ್ಕೆ ಏರಿಸುವ ಹೊಸ ಹಾಸು ಮಾಡಿಸಿಡುವುದು ಒಬ್ಬನಿಗೆ. ಎರಡು ಮೂರು ಲಾಳಿ ಆಡುವ ಹಾಗೆ ಮಗ್ಗಗಳನ್ನು ತಿದ್ದುವುದು ಬಡಗಿಗೆ. ಚೌಕಳಿಯ ಲೆಕ್ಕವನ್ನು ನೇಕಾರರಿಗೆ ಕಲಿಸುವುದು ಪರವೂರಿನ ಒಬ್ಬ ಕುಶಲನಿಗೆ. ದಿನವೂ ಸಂಜೆ ನಾಲ್ವರೂ ಅವನ ಮನೆಯ ಕಟ್ಟೆಗೆ ಬಂದು ಕೂರಬೇಕು. ಅವನು ಒಬ್ಬೊಬ್ಬನನ್ನೂ ‘ಎಷ್ಟಾಯಿತು?’ ಎಂದು ಕೇಳುತ್ತಿದ್ದ. ಅವರು ಇಷ್ಟಾಯಿತು ಎನ್ನುತ್ತಿದ್ದರು. ಹಿಂದೆ ಬಿದ್ದವನಿಗೆ ಅವತ್ತಿನ ಎಲೆ ಅಡಿಕೆ ಇಲ್ಲ.

ಅಡವೀಶನಿಗೆ ಈ ವರ್ತಕ ಬಹಳ ಹಿಡಿಸಿದ. ಎಲೆ ಅಡಿಕೆಯ ಉಪಾಯ ತನಗೆ ಹೊಳೆಯಲಿಲ್ಲವಲ್ಲ ಎಂದುಕೊಂಡ. ಗುರುಗಳು ಮುಂದುವರಿಸಿದರು.

ನಾಲ್ಕು ತಿಂಗಳಿಗೆ ನಾಲ್ಕೂ ಕೆಲಸ ಮುಗಿದವು. ಅಲ್ಲಿಯವರೆಗೆ ಮಗ್ಗಗಳ ಮೇಲೆ ಬಿಳಿಯ ಬಟ್ಟೆಯೇ ನಡೆದಿತ್ತು. ವರ್ತಕ ಒಂದು ಸೋಮವಾರ ಗೊತ್ತುಮಾಡಿದ. ಆ ದಿನ ನಲವತ್ತು ಮಗ್ಗಗಳಲ್ಲೂ ಹಳೆಯ ಹಾಸನ್ನು ಕತ್ತರಿಸಿ ತೆಗೆಯಬೇಕು, ಬಿಳಿಯ ನೂಲಿನ ಒಂದು ಎಳೆಯೂ ಉಳಿಯಬಾರದು ಎಂದು ಹೇಳಿದ. ಸ್ವಲ್ಪ ಉಳಿದರೂ ನೇಕಾರರ ಮನಸ್ಸು ಹಳೆಯದಕ್ಕೇ ಜಾರುತ್ತದೆ ಎಂಬುದು ಅವನ ಹೆದರಿಕೆ. ಸೋಮವಾರ ಬಂತು. ಅವನೇ ಮನೆಮನೆಗೆ ಹೋಗಿ ನಿಂತು ಕತ್ತರಿಸುವುದನ್ನು ನೋಡಿದ. ಕತ್ತರಿಸಿದ ತುದಿಗಳನ್ನೆಲ್ಲ ಬಾಚಿ ಗುಡಿಯ ದೀಪಕ್ಕೆ ಬತ್ತಿ ಹೊಸೆಯಲು ಕಳುಹಿಸಿದ. ಅವತ್ತು ಹೊಟ್ಟೆ ತುಂಬ ಉಂಡು ಕಣ್ತುಂಬ ನಿದ್ದೆ ಮಾಡಿದ.

ಮಂಗಳವಾರ ಬೆಳಿಗ್ಗೆ ಓಣಿಯಲ್ಲಿ ಮಗ್ಗದ ಸದ್ದಿಲ್ಲ. ಮೊದಲ ದಿನ, ತಡವಾಗುತ್ತದೆ ಎಂದುಕೊಂಡ. ಬುಧವಾರವೂ ಸದ್ದಿಲ್ಲ. ಗುರುವಾರ ಎದ್ದು ಓಣಿಗೆ ಹೋದ. ನೇಕಾರರು ಬಾಗಿಲಲ್ಲಿ ಕೈ ಕಟ್ಟಿಕೊಂಡು ಕೂತಿದ್ದರು. ಒಳಗೆ ತಿದ್ದಿದ ಮಗ್ಗ, ಪಕ್ಕದಲ್ಲಿ ಬಣ್ಣದ ಹಾಸು. ಎರಡೂ ತಮ್ಮ ತಮ್ಮ ಜಾಗದಲ್ಲಿ ಚೆನ್ನಾಗಿಯೇ ಇದ್ದವು.

“ಏಕೆ?” ಎಂದ ಅಡವೀಶ. ಕೇಳಬಾರದೆಂದುಕೊಂಡಿದ್ದರೂ ಮಾತು ಬಾಯಿಂದ ಬಂದುಬಿಟ್ಟಿತ್ತು.

ನೇಕಾರರ ಕೆಲಸದಲ್ಲಿ ಒಂದು ಪದ್ಧತಿ ಇದೆ ಎಂದರು ಗುರುಗಳು. ಮಗ್ಗದ ಮೇಲೆ ಉದ್ದಕ್ಕೆ ಹಿಡಿದು ಕಟ್ಟಿದ ನೂಲೇ ಹಾಸು. ಅದರಲ್ಲಿ ಎರಡು ಸಾವಿರ ಎಳೆ ಇರುತ್ತದೆ. ಒಂದೊಂದು ಎಳೆಯೂ ಅಚ್ಚಿನ ಒಂದೊಂದು ಕಣ್ಣಿನಲ್ಲಿ, ಹಣಿಗೆಯ ಹಲ್ಲುಗಳ ಒಂದೊಂದು ಸಂದಿಯಲ್ಲಿ ಹಾದು ಬರಬೇಕು. ಮೊದಲ ಸಲ ಮಗ್ಗ ಹೂಡಿದಾಗ ಅಷ್ಟನ್ನೂ ಕೈಯಿಂದ ಪೋಣಿಸುತ್ತಾರೆ. ಆಮೇಲೆ ಯಾರೂ ಪೋಣಿಸುವುದಿಲ್ಲ. ಹಾಸು ಮುಗಿಯುತ್ತ ಬಂದಾಗ ಅಚ್ಚಿನ ಹಿಂದೆ ಒಂದು ಗೇಣು ಉಳಿಸುತ್ತಾರೆ. ಕೆಚ್ಚುವವಳು ಬರುತ್ತಾಳೆ. ಹಳೆಯ ಎಳೆಯೊಂದಕ್ಕೆ ಹೊಸ ಎಳೆಯೊಂದನ್ನು ಹೊಸೆದು ಗಂಟು ಹಾಕುತ್ತ ಹೋಗುತ್ತಾಳೆ. ಅದಕ್ಕೇ ಕೆಚ್ಚುವುದು ಎನ್ನುತ್ತಾರೆ. ಒಂದು ಮಗ್ಗಕ್ಕೆ ಒಂದು ದಿನ ಹಿಡಿಯುತ್ತದೆ. ಆಮೇಲೆ ಹಳೆಯದನ್ನು ಮೆಲ್ಲಗೆ ಎಳೆದರೆ ಹೊಸದು ಅದರ ಬೆನ್ನಿಗೇ ಅಚ್ಚಿನೊಳಗೆ ಬರುತ್ತದೆ. ವರ್ತಕ ಬಟ್ಟೆ ಕಂಡವನು. ಹಾಸು ಹೇಗೆ ಏರುತ್ತದೆ ಎಂಬುದನ್ನು ಅವನು ಎಂದೂ ಕಂಡವನಲ್ಲ.

ನೇಕಾರರಿಗೆ ಗೊತ್ತಿರಲಿಲ್ಲವೇ ಎಂದು ಅಡವೀಶನ ಮನಸ್ಸಿನಲ್ಲಿ ಬಂತು. ಗುರುಗಳು ಅದಕ್ಕೂ ಹೇಳಿದರು. ಗೊತ್ತಿತ್ತು. ಇಷ್ಟೆಲ್ಲ ಮಾಡಿದ ಸಾವುಕಾರರು ಇದಕ್ಕೂ ಏನೋ ಮಾಡಿರುತ್ತಾರೆ ಎಂದು ಕೆಲವರು ಅಂದುಕೊಂಡರು. ನೇಯುವುದು ನಮ್ಮ ಪಾಲು, ಹಾಸು ಏರಿಸುವುದು ನಮ್ಮ ಪಾಲಲ್ಲ ಎಂದು ಕೆಲವರು ಅಂದುಕೊಂಡರು. ಹೀಗೆ ನಲವತ್ತು ಮನೆಯವರೂ ಅಂದುಕೊಳ್ಳುತ್ತ ಕತ್ತರಿಸಿದರು. ಈಗ ಮೊದಲಿನಿಂದ ಪೋಣಿಸಬೇಕೆಂದರೆ ಮಗ್ಗಕ್ಕೆ ಇಬ್ಬರಂತೆ ಆರು ದಿನ ಬೇಕು. ಪೋಣಿಸಲು ಬರುವವರು ಓಣಿಗೆಲ್ಲ ಸೇರಿ ನಾಲ್ಕೈದು ಜನ, ಅವರಲ್ಲೂ ಇಬ್ಬರಿಗೆ ಕಣ್ಣು ಮಂಜು.

ವರ್ತಕನಿಗೆ ಸಿಟ್ಟು ನೆತ್ತಿಗೇರಿತು. ಗಾಡಿ ಬರಲು ಇಪ್ಪತ್ತೈದು ದಿನ ಉಳಿದಿತ್ತು. ಹಾಸು ಏರಿಸುವುದು ಯಾರ ಕೆಲಸ ಎಂದು ಕೂಗಿದ. ಕೆಚ್ಚುವ ಮುದುಕಿಯ ಕೆಲಸ ಎಂದರು ಯಾರೋ. ಸರಿ, ತಡೆದವಳು ಸಿಕ್ಕಿದಳು. ಅವಳನ್ನು ಓಣಿಯಿಂದಲೇ ಕಳುಹಿಸಿಬಿಡುತ್ತೇನೆ ಎಂದು ಹೊರಟ.

ಅಡವೀಶ ಮಣೆಯ ಮೇಲೆ ಸರಿದು ಕುಳಿತ. ಕತೆ ಇಷ್ಟು ಹೊತ್ತು ನೆಟ್ಟಗೆ ಹೋಗುತ್ತಿತ್ತು. ಈಗ ಅದು ತನ್ನ ಕಡೆಗೆ ತಿರುಗುತ್ತಿದೆಯೇನೋ ಎಂಬ ಅನುಮಾನ ಬಂತು. ಆದರೂ ಆ ಮುದುಕಿಗೆ ಏನಾಯಿತು ಎಂದು ತಿಳಿಯದೆ ಏಳುವ ಹಾಗಿರಲಿಲ್ಲ.

ಓಣಿಯ ಕೊನೆಗೆ ಬರುತ್ತಲೇ ವರ್ತಕನ ಕಿವಿಗೆ ಮಗ್ಗದ ಸದ್ದು ಬಿತ್ತು. ಒಂದೇ ಒಂದು ಮಗ್ಗ. ಒಳಗೆ ಹೋದ. ನೇಕಾರನೊಬ್ಬ ಚೌಕಳಿ ನೇಯುತ್ತಿದ್ದ. ಎರಡು ಮೊಳ ಆಗಲೇ ಆಗಿತ್ತು, ಬಣ್ಣ ಕಣ್ಣಿಗೆ ಹಬ್ಬವಾಗುವಂತಿತ್ತು. ಚೌಕಳಿಗೆ ಮೊದಲು ಗೇಣುದ್ದದ ಬಿಳಿಯ ಬಟ್ಟೆ ಇತ್ತು. ಸೋಮವಾರ ಈ ಮನೆಯವನು ವರ್ತಕನ ಕಣ್ಣು ತಪ್ಪಿಸಿ ಒಂದು ಗೇಣು ಉಳಿಸಿಕೊಂಡಿದ್ದ. ಮುದುಕಿ ಬಂದು ಕೆಚ್ಚಿ ಕೊಟ್ಟಿದ್ದಳು. ಈಗಲೂ ಅಲ್ಲೇ ಕೂತು ಕಡಿದ ಎಳೆಗಳಿಗೆ ಗಂಟು ಹಾಕುತ್ತಿದ್ದಳು.

“ಒಂದು ಎಳೆಯೂ ಉಳಿಯಬಾರದು ಎಂದು ನಾನು ಹೇಳಿರಲಿಲ್ಲವೇ?” ಎಂದ ವರ್ತಕ. ಬೈಯಬೇಕೆಂದು ಬಂದವನ ದನಿ ಆ ಬಟ್ಟೆ ನೋಡಿ ಇಳಿದುಹೋಗಿತ್ತು.

“ಹೇಳಿದ್ರಿ ಸಾವ್ಕಾರ್ರ,” ಎಂದಳು ಮುದುಕಿ. “ಆದ್ರ ಹೊಸಾ ಎಳಿ ಯಾವುದಕ್ಕ ಕೆಚ್ಚಬೇಕ್ರಿ? ಹಳೇದು ಒಂದು ಗೇಣಾರ ಬೇಕಲ್ರಿ. ಮತ್ತ ನಾವು ಕೆಚ್ಚಾವ್ರು ಓಣಿಗೆಲ್ಲಾ ಮೂರೇ ಮಂದಿ ಅದೀವಿ. ಎಲ್ಲಾರೂ ಗೇಣು ಉಳಿಸಿದ್ರೂ ನಲವತ್ತು ಮಗ್ಗ ಒಂದಽ ದಿನಕ್ಕ ಹೆಂಗ ಆಗತಾವ್ರಿ? ಇವತ್ತ ಮೂರು, ನಾಳಿ ಮೂರು ಅಂತ ನಿಂದರಿಸಿದ್ರ ಹದಿನಾಕು ದಿನಕ್ಕ ಓಣಿ ತುಂಬ ಚೌಕಳಿ ಆಗತಿತ್ತು. ಉಳಿದ ಮಗ್ಗದಾಗ ಅಲ್ಲೀತನಕ ಬಿಳೇದು ನಡೀತಿತ್ತು, ಒಬ್ರ ಮನ್ಯಾಗೂ ಒಲಿ ಆರತಿರಲಿಲ್ಲ.”

ವರ್ತಕ ಮಗ್ಗದ ಗುಣಿಯ ಅಂಚಿನಲ್ಲಿ ಕುಳಿತುಬಿಟ್ಟ. ಬಣ್ಣ, ಹಾಸು, ಮಗ್ಗ, ಲೆಕ್ಕ ನಾಲ್ಕಕ್ಕೂ ಒಬ್ಬೊಬ್ಬನನ್ನು ಇಟ್ಟಿದ್ದೆ, ಹಳೆಯದು ಹೊಸದನ್ನು ಸೇರುವ ಜಾಗಕ್ಕೆ ಯಾರನ್ನೂ ಇಡಲಿಲ್ಲ ಎಂದು ಅವನಿಗೆ ಆಗ ತಿಳಿಯಿತು. ನಾಚಿಕೆಯಾಯಿತು. ನಾಚಿಕೆಯಾದವರಲ್ಲಿ ಹಲವರು ಮಾಡುವಂತೆ ಅವನೂ ಎದುರಿಗಿದ್ದವರ ಮೇಲೆ ತಪ್ಪು ಹೊರಿಸಲು ನೋಡಿದ.

“ಇಷ್ಟು ತಿಳಿದವಳು ನಾಲ್ಕು ತಿಂಗಳಿಂದ ಏಕೆ ಹೇಳಲಿಲ್ಲ?” ಎಂದ.

ಮುದುಕಿ ಅವನ ಮುಖವನ್ನೊಮ್ಮೆ ನೋಡಿದಳು. ಮತ್ತೆ ತಲೆ ಬಗ್ಗಿಸಿ ಇನ್ನೊಂದು ಎಳೆಗೆ ಗಂಟು ಹಾಕಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಅಡವೀಶ ಕಾದ. ಕತೆ ಮುಂದೆ ಹೋಗಲಿಲ್ಲ.

“ಗಾಡಿಯವರು ಬಂದಾಗ ಏನಾಯಿತು?” ಎಂದು ಕೇಳಿದ.

“ಎಂಟು ಸೀರೆ ಸಿಕ್ಕಿದವು. ಗಾಡಿಯವರು ಬಟ್ಟೆ ಮುಟ್ಟಿ ನೋಡಿ, ಇನ್ನೊಂದು ಸಲ ಬರುತ್ತೇವೆ ಎಂದು ಹೋದರು. ಆ ಸಲ ವರ್ತಕನ ಕಟ್ಟೆಯ ಮೇಲೆ ಎಲೆ ಅಡಿಕೆಗೆ ಮುದುಕಿಯೂ ಸೇರಿ ಐದು ಜನ ಕೂರುತ್ತಿದ್ದರು. ಓಣಿ ಉಳಿಯಿತು. ಆದರೆ ಅಷ್ಟರೊಳಗೆ ಹನ್ನೊಂದು ಮನೆಯವರು ಊರು ಬಿಟ್ಟಿದ್ದರು.”

ಹನ್ನೊಂದು ಮನೆ ಎಂಬ ಮಾತು ಅಡವೀಶನಿಗೆ ಚುಚ್ಚಿತು. ಹೊಸ ಪಡಸಾಲೆ ಕಟ್ಟುವಾಗ ತಾನು ಯಾರ್ಯಾರೊಡನೆ ಕೂತು ಮಾತಾಡಿದ್ದೆ ಎಂದು ನೆನಪಿಸಿಕೊಂಡ. ಗಾರೆಯವರು, ಕಂಚುಗಾರರು, ಬಾಣಸಿಗರು. ಎಲ್ಲರೂ ಹೊಸದನ್ನು ಮಾಡುವವರು. ಎದ್ದುನಿಲ್ಲಲಾರದ ಮುದುಕರು ಆ ಪಡಸಾಲೆಯವರೆಗೆ ನಡೆದು ಬರುವುದು ಹೇಗೆ, ಹೊತ್ತಲ್ಲದ ಹೊತ್ತಿಗೆ ಬರುವ ಯಾತ್ರಿಕರು ಗಂಟೆ ಹೊಡೆದ ಮೇಲೆ ಏನು ಉಣ್ಣಬೇಕು ಎಂಬ ಯೋಚನೆ ಅವನಿಗೆ ಇವತ್ತೇ ಮೊದಲ ಬಾರಿ ಬಂದದ್ದು. ಉಗ್ರಾಣದಲ್ಲಿ ಅಕ್ಕಿ ಮೂರು ಪಾಲಾಗುವುದಕ್ಕೆ ಅಭ್ಯಾಸವಲ್ಲದೆ ಬೇರೆ ಕಾರಣವೂ ಇದ್ದೀತು. ಏನೆಂದು ಅವನಿಗೆ ತಿಳಿಯದು. ಅಪ್ಪಣೆಯ ಮಾತನ್ನು ಅವನು ಅಲ್ಲಿಗೇ ಬಿಟ್ಟ.

ಆದರೂ ಒಂದು ಕುತೂಹಲ ಉಳಿದಿತ್ತು. ಈ ಮಠದಲ್ಲಿ ಒಂದು ಮಗ್ಗವೂ ಇಲ್ಲ. ಗುರುಗಳು ಹನ್ನೆರಡನೆಯ ವಯಸ್ಸಿಗೇ ಇಲ್ಲಿಗೆ ಬಂದವರು, ನೇಕಾರರ ಓಣಿಯ ಕಡೆಗೆ ತಲೆ ಹಾಕಿದವರಲ್ಲ.

“ಗುರುಗಳೆ, ಗೇಣು ಉಳಿಸುವ ಈ ಪದ್ಧತಿಯನ್ನು ನಿಮಗೆ ಹೇಳಿದವರು ಯಾರು?” ಎಂದ.

“ನಮ್ಮ ಉಗ್ರಾಣದ ಗುರುಪಾದಪ್ಪ. ನೇಕಾರರ ಮನೆಯಲ್ಲಿ ಹುಟ್ಟಿದವನು,” ಎಂದರು ಗುರುಗಳು, “ನಾನು ಕೇಳಿದೆ, ಅವನು ಹೇಳಿದ.”